ಮುರಿಯಲೊಲ್ಲದ ಪಿನ್ನು

ಡಿಪ್ಲೊಮಾದ ಕೊನೆಯ ವರ್ಷ ನನ್ನ ಪಾಸು-ಫೇಲು ಕಿರುಬೆರಳುದ್ದದ ಒಂದು ಹಿತ್ತಾಳೆ ಪಿನ್ನಿನ ಮೇಲೆ ನಿಂತಿತ್ತು. ಕಡಲೆಕಾಯಿ ಸುಲಿಯುವ ಯಂತ್ರ ನನ್ನ ಪ್ರಾಜೆಕ್ಟು. ಒಳಗೆ ಕಲ್ಲು ಸಿಕ್ಕಿಕೊಂಡರೆ ಗೇರ್ ಚಕ್ರದ ಹಲ್ಲು ಉದುರಬಾರದು. ಅದಕ್ಕೂ ಮೊದಲೇ ಈ ಪಿನ್ನು ಮುರಿದು, ಮೋಟಾರಿನ ಬಲ ಗೇರಿಗೆ ಹೋಗದಂತೆ ತಡೆಯಬೇಕು. ಯಂತ್ರ ವಿನ್ಯಾಸದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ ನನಗೆ ಅರ್ಥವಾಗಿದ್ದ ಪಾಠವೆಂದರೆ ಇದೊಂದೇ. ಹಾಗಾಗಿ ಜಂಬವೂ ಇತ್ತು.

ಶಿರಾದ ಲೇತ್ ಅಂಗಡಿಯ ಚಾಚಾ ನನ್ನ ನಕ್ಷೆ ನೋಡಿ ಹುಬ್ಬು ಗಂಟಿಕ್ಕಿದರು.

“ಮುರಿಯೋಕೇ ಮಾಡ್ಬೇಕಾ? ಬೇಟಿ, ನಲವತ್ತು ವರ್ಷದಿಂದ ಲೇತ್ ಓಡಿಸ್ತಿದೀನಿ. ನನ್ನ ಮಾಲು ಮುರಿಯಲ್ಲ ಅಂತ ಪಾವಗಡದಿಂದ ಜನ ಬರ್ತಾರೆ.”

ಅರ್ಧ ದಿನ ಲೆಕ್ಕ ಹಾಕಿ ತೋರಿಸಿದೆ. ತಲೆಯಾಡಿಸಿದರು. ಎರಡು ದಿನ ಬಿಟ್ಟು ಥಳಥಳ ಹೊಳೆಯುವ ಪಿನ್ನು ಕೊಟ್ಟರು. ಇದನ್ನು ಮುರಿದು ನೋಡಿ ಇನ್ನೊಂದು ಮಾಡಿಸೋಣ ಎಂದು ಮನೆಯಲ್ಲಿ ಸುತ್ತಿಗೆ ಎತ್ತಿದರೆ ಅವ್ವ ಕೈ ಹಿಡಿದಳು.

“ಥೂ, ಹೊಸ ಸಾಮಾನು ಮುರಿದ್ಬುಟ್ರೆ ಒಳ್ಳೇದಾಯ್ತದೇನೇ? ಅರಿಶಿನ ಕುಂಕುಮ ಇಡು ಮೊದ್ಲು.”

ಇಟ್ಟೆ. ಕುಂಕುಮ ಇಟ್ಟ ಮೇಲೆ ಮುರಿಯಲು ನನಗೂ ಮನಸ್ಸು ಬರಲಿಲ್ಲ.

ಪರೀಕ್ಷೆಯ ದಿನ, ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಟೀ ಲೋಟ ಹಿಡಿದುಕೊಂಡೇ “ಹಾಕಮ್ಮ ಕಲ್ಲು” ಎಂದರು. ಹಾಕಿದೆ. ಮೋಟಾರು ಗುರುಗುಟ್ಟಿತು, ಬೆಲ್ಟು ಹೊಗೆಯಾಡಿತು, ಪಿನ್ನು ಮಾತ್ರ ಜಪ್ಪಯ್ಯ ಅಂದರೂ ಮುರಿಯಲಿಲ್ಲ. ಕಡೆಗೆ ಗೇರಿನ ಹಲ್ಲೊಂದು ಹಾರಿ ಪರೀಕ್ಷಕರ ಟೀಯೊಳಗೆ ಬಿತ್ತು. ನೋಡಲು ಬಂದಿದ್ದ ಚಾಚಾ ಚಪ್ಪಾಳೆ ತಟ್ಟಿದರು.

“ನೋಡಿದ್ರಾ ಸಾರ್! ಗೇರೇ ಹೋಯ್ತು, ನನ್ನ ಪಿನ್ನಿಗೆ ಒಂದು ಗೀರೂ ಬಿದ್ದಿಲ್ಲ!”

ಪಿನ್ನಿನ ಒಳಗಿದ್ದದ್ದು ಲಾರಿ ಆಕ್ಸಲ್ಲಿನ ಉಕ್ಕು. ನನ್ನ ಸಮಾಧಾನಕ್ಕೆಂದು ಮೇಲೆ ಹಿತ್ತಾಳೆ ತೊಡಿಸಿದ್ದರಂತೆ. ಆ ಮುದುಕನ ಗಡ್ಡ ಹಿಡಿದು ಎಳೆಯುವಷ್ಟು ಸಿಟ್ಟು ಬಂತು ನನಗೆ.

ಪರೀಕ್ಷಕರು ಚಮಚದಿಂದ ಹಲ್ಲನ್ನು ಎತ್ತುತ್ತ ಕೇಳಿದರು: “ಒಂದನ್ನಾದ್ರೂ ಮುರಿದು ನೋಡಿದ್ರಾ?”

“ಇದ್ದದ್ದೇ ಒಂದು ಸಾರ್. ಪೂಜೆ ಮಾಡಿದ್ವಿ.”

“ಹದಿನೈದು ದಿನ ಕೊಡ್ತೀನಿ. ಹತ್ತು ಮಾಡಿಸಿ, ಒಂಬತ್ತು ಮುರಿದು, ಎಷ್ಟು ಭಾರಕ್ಕೆ ಮುರೀತು ಅಂತ ಬರ್ಕೊಂಡು ಬನ್ನಿ. ಆಗ್ಲೂ ಗೇರ್ ಹೋದ್ರೆ ಮುಂದಿನ ವರ್ಷ ನೋಡೋಣ.”

ಈ ಸಲ ನಾನು ಲೇತಿನ ಪಕ್ಕದಲ್ಲೇ ಕಾವಲು ಕೂತೆ. ಚಾಚಾ ಒಂದೊಂದು ಪಿನ್ನನ್ನೂ ಮುಖ ಕಾಣುವಂತೆ ಉಜ್ಜಿ ಕೊಡುವುದು, ನಾನು ಅದನ್ನು ಸನ್ನೆಕೋಲಿಗೆ ಸಿಕ್ಕಿಸಿ, ತೂಕದ ಕಲ್ಲು ನೇತುಹಾಕಿ ಮುರಿಯುವುದು. ಪ್ರತಿ ‘ಟಕ್’ಗೂ ಅವರು ಗೋಡೆಯ ಕಡೆ ತಿರುಗುತ್ತಿದ್ದರು. ಆರನೆಯದಕ್ಕೆ ನನಗೇ ಪಾಪ ಅನ್ನಿಸಿತು. ಆದರೂ ಮುರಿದೆ.

ಮತ್ತೆ ಕಲ್ಲು ಹಾಕಿದ ದಿನ ಹತ್ತನೆಯ ಪಿನ್ನು ಠಣ್ಣನೆ ಮುರಿಯಿತು. ಗೇರಿನ ಹಲ್ಲುಗಳೆಲ್ಲ ನೆಟ್ಟಗಿದ್ದವು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಚಾಚಾ ತುಂಡುಗಳನ್ನು ಆರಿಸಿ ಜೇಬಿನಲ್ಲಿ ಬಚ್ಚಿಟ್ಟುಕೊಂಡು ಪರೀಕ್ಷಕರ ಮುಂದೆ ಕೈಮುಗಿದು ನಿಂತರು.

“ಮಾಫ್ ಮಾಡಿ ಸಾರ್. ಇದನ್ನ ಹಿಡ್ಕೊಂಡು ಹುಡುಗೀನ ಫೇಲ್ ಮಾಡ್ಬೇಡಿ. ಇನ್ನೊಂದು ಚಾನ್ಸ್ ಕೊಡಿ, ಗಟ್ಟಿಯಾಗಿ ಮಾಡ್ಕೊಡ್ತೀನಿ.”

ಪರೀಕ್ಷಕರು ನಗುತ್ತ ಪಾಸು ಎಂದು ಬರೆದರು. ಓಡಿಹೋಗಿ ಚಾಚಾರ ಬಾಯಿಗೆ ಕೈ ಅಡ್ಡ ಹಿಡಿದಿದ್ದ ನಾನು, ಅಂಗೈ ಒದ್ದೆಯಾದದ್ದು ತಿಳಿದು ಅಲ್ಲೇ ನಿಂತೆ. ಅವರು ನಿಜವಾಗಿಯೂ ಅಳುತ್ತಿದ್ದರು.