ಕತ್ತರಿಸಲು ಬಿಡದ ಉಂಗುರ

ಅಬುಧಾಬಿಯ ಖಾಲಿದಿಯಾ ಬಡಾವಣೆಯ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದಾಗ, ಬಿದ್ದು ಕೈಗೆ ಏಟು ಮಾಡಿಕೊಂಡ ಅಮೆರಿಕದ ಅಜ್ಜರೊಬ್ಬರು ಬಂದರು. ಬೆರಳು ಊದಿ, ಉಂಗುರ ಬಿಗಿದು, ತುದಿ ನೀಲಿಯಾಗುತ್ತಿತ್ತು. ನಾನು ಉಂಗುರ ಕತ್ತರಿಸಲು ಕಟ್ಟರ್ ತಂದದ್ದೇ ಅವರು ಕೈ ಎಳೆದುಕೊಂಡರು.

“ಬೆರಳೇ ಹೋಗುತ್ತದೆ, ಸರ್!”

“ಹೋಗಲಿ. ಇದು ಐವತ್ತರ ದಶಕದ್ದು, ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಟೀಮಿನದು.”

“ಕಪ್ ಗೆದ್ದಿದ್ದಿರಾ?”

“ನಮ್ಮಲ್ಲಿ ಗೆದ್ದ ಟೀಮಿಗೇ ಉಂಗುರ ಕೊಡುವುದು, ಆದರೆ ನಾವು ಆ ವರ್ಷ ಒಂದು ಮ್ಯಾಚನ್ನೂ ಗೆಲ್ಲಲಿಲ್ಲ. ಸಣ್ಣ ಕಾಲೇಜು, ಆಡುವವರೇ ಕಡಿಮೆ. ಅಷ್ಟು ಏಟು ತಿಂದರೂ ಒಬ್ಬನೂ ಟೀಮು ಬಿಡಲಿಲ್ಲ. ಅದಕ್ಕೇ ಕೋಚ್ ಎಲ್ಲರಿಗೂ ಉಂಗುರ ಮಾಡಿಸಿಕೊಟ್ಟರು.”

ಹಿರಿಯ ನರ್ಸ್ ಸಿಸಿಲಿಯಾಕ್ಕ, “ನೋಡ್ತಾ ನಿಲ್ಲಬೇಡ ಮಾರಾಯ್ತಿ, ದಾರ ತಾ” ಎಂದರು. ಬೆರಳಿಗೆ ದಾರ ಬಿಗಿಯಾಗಿ ಸುತ್ತಿ, ಜೆಲ್ ಹಚ್ಚಿ, ಉಂಗುರವನ್ನು ತಿರುಗಿಸುತ್ತಾ ಎಳೆದೆವು. ಅಜ್ಜ ಹಲ್ಲು ಕಚ್ಚಿ ಕೂತರು. ಕೊನೆಗೂ ಅದು ಜಾರಿ ಬಂತು, ಬೆರಳಿಗೆ ಕೆಂಪು ಮರಳಿತು.

ಗೆದ್ದ ವರ್ಷದ ಉಂಗುರವಾಗಿದ್ದರೆ ಬಹುಶಃ ಕತ್ತರಿಸಲು ಬಿಡುತ್ತಿದ್ದರು.