ಟ್ರಂಕಿನ ಸೊಟ್ಟ ಮೂಲೆ

ಮೊನ್ನೆ ಅಟ್ಟದಿಂದ ತಗಡಿನ ಟ್ರಂಕು ಇಳಿಸಿದೆವು. ಮೊಮ್ಮಗಳಿಗೆ ನಾರಾಯಣಖೇಡದ ಸರ್ಕಾರಿ ಕಚೇರಿಯಲ್ಲಿ ನೌಕರಿ ಸಿಕ್ಕಿದೆ. ತೆಲಂಗಾಣದ ಗಡಿಯಲ್ಲಿರುವ ಜಹೀರಾಬಾದಿನ ನಮ್ಮ ಓಣಿಯ ಮನೆಮನೆಗೂ ನಾನೇ ಪೇಡೆ ಹಂಚಿದೆ. ಗುರುತಿಲ್ಲದ ಆಟೋದವನ ಕೈಗೂ ಒಂದು ಇಟ್ಟೆ. ಅಷ್ಟು ಸಂಭ್ರಮ ನನಗೆ! ಆದರೆ ಟ್ರಂಕಿನ ಧೂಳು ಒರೆಸುವಾಗ ಕೈ ಅದರ ಸೊಟ್ಟ ಮೂಲೆಗೆ ತಾಗಿತು... ಪಕ್ಕದ ಮನೆಯ ಅಕ್ಕ ಕಣ್ಣ ಮುಂದೆ ಬಂದಳು.

ನಮ್ಮಲ್ಲಿ ಮನೆಯ ಮಾತು ಕನ್ನಡ, ಕಚೇರಿಯದು ತೆಲುಗು. ಮಕ್ಕಳು ಕನ್ನಡ ಕಲಿಯಲಿ ಎಂದು ಗಡಿಯಾಚೆ ಬೀದರ್ ಕಡೆಯ ಬಳಗದವರ ಮನೆಯಲ್ಲಿಟ್ಟು ಓದಿಸುವುದು ಆಗಿನ ರೂಢಿ. ಅಕ್ಕನೂ ಇದ್ದೊಬ್ಬ ಮಗಳನ್ನು ತನ್ನ ತವರಿಗೆ ಕಳಿಸಿದ್ದಳು. ಆ ಹುಡುಗಿ ಇಲ್ಲಿನ ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ಚಲೋ ನಂಬರು ತಗೊಂಡಳು. ಕೊನೆಗೆ ಅವಳ ಕಾಗದ ನೋಡಿದವರು, ಶಾಲೆ ಓದಿದ್ದು ಆಚೆ ಕಡೆ, ನೀನು ಈ ಜಿಲ್ಲೆಯವಳಲ್ಲ ಎಂದು ತಿರುಗಿ ಕಳಿಸಿದರು. ಹುಟ್ಟಿದ್ದು ಇಲ್ಲಿ, ಹೊಲ ಇಲ್ಲಿ, ಓಟೂ ಇಲ್ಲಿ.

ಅದೇ ಬೇಸಿಗೆಯಲ್ಲಿ ನಾವೂ ಮೊಮ್ಮಗಳನ್ನು ಬೀದರಿಗೆ ಕಳಿಸಲು ಹೊರಟಿದ್ದೆವು. ಆಗ ಅವಳಿನ್ನೂ ಸಣ್ಣಾಕೆ. ಟ್ರಂಕು ಆಟೋ ಹತ್ತಿತ್ತು. ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ಅದನ್ನು ಎಳೆದಳು. ಟ್ರಂಕು ಕಲ್ಲಿನ ಮೇಲೆ ಬಿದ್ದು ಮೂಲೆ ಸೊಟ್ಟಗಾಯಿತು.

"ತಂಗಿ, ಈ ಕೂಸಿಗಿ ಇಲ್ಲೇ ಓದಿಸು. ನಾಳಿ ಇಕಿಗೂ ಹೊರಗಿನಾಕಿ ಅಂತಾರ."

ನನ್ನ ಮಗ ನಕ್ಕುಬಿಟ್ಟ. "ದೊಡ್ಡವ್ವ, ಇಕಿಗಿ ಇನ್ನಾ ಜಡಿ ಹಾಕೊಳಾಕ ಬರಲ್ಲ. ನೀ ಆಗಲೇ ನೌಕ್ರಿ ತನಕ ಹೋದಿ?"

"ನಾ ಹೋಗಿ ತಿರುಗಿ ಬಂದೀನಿ. ಅದಕ್ಕೇ ಹೇಳಾಕತ್ತೀನಿ."

ಮೊಮ್ಮಗಳು ಇಲ್ಲೇ ಉಳಿದಳು. ಅಕ್ಕನ ಮಗಳು ಬೀದರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಮದುವೆಯಾಗಿ ನೆಲೆನಿಂತಳು. ಇಲ್ಲಿನ ಕಚೇರಿಗೆ ದೂರದವರು ಬರುತ್ತಿದ್ದರು, ನಮ್ಮ ಮಾತು ಕಿವಿಗೆ ಬೀಳುವಷ್ಟರಲ್ಲಿ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಆ ಕುರ್ಚಿಯಲ್ಲಿ ಅಕ್ಕನ ಮಗಳಿದ್ದಿದ್ದರೆ ಬಿಟ್ಟು ಎಲ್ಲಿಗೆ ಹೋಗುತ್ತಿದ್ದಳು? ಮನೆಯೇ ಇಲ್ಲಿತ್ತು.

ಮೊಮ್ಮಗಳು ಪಾಸಾದಾಗಲೆಲ್ಲ ಅಕ್ಕ ನನಗಿಂತ ಮೊದಲು ಅವಳ ದೃಷ್ಟಿ ತೆಗೆಯುತ್ತಿದ್ದಳು. ಆಗ ಅಕ್ಕನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಅವಳ ಮನೆಯ ದುಃಖ ನಮ್ಮ ಮನೆಗೆ ಬುದ್ಧಿಯಾಗಿ ಬಂದಿತ್ತು... ಆ ಮಾತನ್ನು ನಾನು ಅವಳೆದುರು ಒಮ್ಮೆಯೂ ಬಾಯಿಬಿಟ್ಟು ಆಡಲಿಲ್ಲ. ಹೋದ ವರ್ಷ ಅಕ್ಕ ತೀರಿಕೊಂಡಳು.

ಬೀದರಿಗೆ ಫೋನು ಮಾಡಿ ನೌಕರಿಯ ಸುದ್ದಿ ಹೇಳಿದೆ. ಅಕ್ಕನ ಮಗಳು, "ಚಲೋ ಆತು ಚಿಗವ್ವ, ನಮ್ಮ ಮಂದಿಗಿ ಕಚೇರ್ಯಾಗ ಒಬ್ಬಾಕಿ ಆದ್ಳು" ಎಂದಳು. ಬೈದಿದ್ದರೂ ಹಗುರಾಗುತ್ತಿದ್ದೆನೇನೋ.

ಇವತ್ತು ಬೆಳಿಗ್ಗೆ ಟ್ರಂಕು ಮತ್ತೆ ಆಟೋ ಹತ್ತಿತು. ಮೂಲೆ ಬಡಿಸಿ ನೆಟ್ಟಗೆ ಮಾಡಿಸಲೇ ಎಂದು ಮಗ ಕೇಳಿದ್ದ, ನಾನು ಬೇಡವೆಂದಿದ್ದೆ. ಮೊಮ್ಮಗಳು ಕೈ ಬೀಸಿದಳು. ಖುಷಿಗೆ ಅಳುತ್ತಲೇ ಪಕ್ಕದ ಬಾಗಿಲ ಕಡೆ ತಿರುಗಿದೆ. ಬೀಗ ಹಾಕಿತ್ತು. ಈ ಸಲ ಟ್ರಂಕಿಗೆ ಕೈಹಾಕಲು ಯಾರೂ ಹೊರಗೆ ಬರಲಿಲ್ಲ.