ಮಾಸ್ತರರ ಹೆಸರು ತೆಗೆದ ದಿನ

ಕೀಬೋರ್ಡಿನ ಎಂಟರ್ ಗುಂಡಿಯ ಬಲ ಅಂಚು ಸವೆದು ನುಣ್ಣಗಾಗಿತ್ತು. ಮಾಸ್ತರರ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಭಂಕೂರಿನಲ್ಲಿ ಮನೆಯವರ ಕಲ್ಲಿನ ಕೆಲಸದಲ್ಲಿ ಚಿಕ್ಕಂದಿನಲ್ಲೇ ಹೋಗಿತ್ತು. ಆ ಮೊಂಡುಬೆರಳಿನಿಂದಲೇ ಎಂಟರ್ ಒತ್ತುತ್ತಿದ್ದರು, ಬಾಗಿಲು ತಟ್ಟಿದ ಹಾಗೆ.

ಸೋಮವಾರ, ಬೆಳಗ್ಗೆ ಎಂಟು ಗಂಟೆ. ಶಹಾಬಾದಿನ ನಮ್ಮ ಬ್ಯಾಂಕಿನ ಕಂಪ್ಯೂಟರ್ ಕೋಣೆಯಲ್ಲಿ ನಾನು, ಸಿಪಾಯಿ ಇಬ್ಬರೇ. ಮಾಸ್ತರರು ತೀರಿಕೊಂಡರೆಂದು, ಹನ್ನೊಂದಕ್ಕೆ ಭಂಕೂರಿನಲ್ಲಿ ಮಣ್ಣು ಮಾಡುತ್ತಾರೆಂದು ಫೋನ್ ಬಂತು.

ಸೇಡಮಿನ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು ತೊಂಬತ್ತರ ದಶಕದಲ್ಲಿ ಬ್ಯಾಂಕಿಗೆ ಬಂದರು. ಗುಮಾಸ್ತೆಯಾಗಿದ್ದ ನನಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸಿದರು. ಮುಂದೆ ಶಾಖೆಗಳ ಕಂಪ್ಯೂಟರುಗಳನ್ನು ನಮ್ಮ ಸರ್ವರಿಗೆ ಜೋಡಿಸಿದಾಗ, ಯಾರು ಸಹಿ ಹಾಕಿದ ಡಿಜಿಟಲ್ ಪ್ರಮಾಣಪತ್ರ ತಂದರೆ ಶಾಖೆಯನ್ನು ಒಳಗೆ ಬಿಡಬೇಕೆಂಬ ಹೆಸರುಗಳನ್ನು ಒಂದು ಕಡತದಲ್ಲಿಟ್ಟರು. ಸರ್ವರ್ ಶುರುವಾಗುವಾಗ ಅದನ್ನು ಓದಿಕೊಂಡು ಶಾಖೆಗಳಿಗೆ ತಿಳಿಸುತ್ತಿತ್ತು. ಇಷ್ಟಾದರೆ ಸಾಕೆಂದು ನಾನು ಎದ್ದೆ.

"ಕುಂದ್ರಿ," ಎಂದರು. "ಯಾರ ಚೀಟಿ ನಡೀತದ ಅಂತ ಬಾಗಿಲದಾಗ ನಿಂತು ಒದರೋದು ಒಂದು ಕೆಲಸ. ತಂದ ಚೀಟಿ ಖರೇ ಅದನೋ ಇಲ್ಲೋ ನೋಡೋದು ಇನ್ನೊಂದು. ಒದರಿದ ಮಾತ್ರಕ್ಕ ನಂಬಿಗಿ ಆಗಂಗಿಲ್ಲ."

ತಂದ ಪತ್ರದ ಸಹಿ ಪರೀಕ್ಷಿಸಲು ನೋಡುವ ಕಡತ ಬೇರೆಯೇ ಇತ್ತು. ಹೆಸರು ಸೇರಿಸಿದರೆ ಎರಡೂ ಕಡೆ, ತೆಗೆದರೂ ಎರಡೂ ಕಡೆ.

ಇನ್ನೊಂದು ನಿಯಮವೂ ಅವರದೇ. "ಸಹಿ ಮಾಡೋ ಕೀಲಿ, ಅಂದ್ರ ಆ ಗುಪ್ತ ಸಂಖ್ಯೆ, ಇಟ್ಟುಕೊಂಡವರು ಹೋದ್ರ ಅದು ಯಾರ ಕೈಗೆ ಬೀಳ್ತದೋ ಗೊತ್ತಿರಲ್ಲ. ಅವತ್ತೇ ಹೆಸರು ತೆಗೀರಿ. ನಾ ಆದ್ರೂ ಅಷ್ಟ. ಅಳೋದು ಆಮ್ಯಾಲ."

ಚಿಂಚೋಳಿ ನಮ್ಮ ಮೊದಲ ಪ್ರಯೋಗದ ಶಾಖೆ. ಅದರ ಪ್ರಮಾಣಪತ್ರಕ್ಕೆ ಸಹಿ ಮಾಸ್ತರರದೇ; ಉಳಿದ ಶಾಖೆಗಳಿಗೆ ಬ್ಯಾಂಕಿನ ಕೀಲಿಯ ಸಹಿ. ಅವರ ಹೆಸರು ತೆಗೆದರೆ ಚಿಂಚೋಳಿ ನಿಲ್ಲುತ್ತದೆ. ಹೊಸ ಪತ್ರ ಕೊಡುತ್ತ ಕೂತರೆ ಮಣ್ಣಿಗೆ ಹೋಗಲಾಗುವುದಿಲ್ಲ.

"ಮೇಡಮ್ಮಾರ, ನಾಳೆ ತೆಗೆದ್ರ ಆಗಲ್ಲೇನ್ರಿ?" ಎಂದ ಸಿಪಾಯಿ. "ಭಂಕೂರ ಇಲ್ಲೇ ಅದ. ಮುಖ ನೋಡಿ ಬರ್ರಿ."

"ನೀ ಹೋಗು. ನನ್ನ ಹೆಸರಿಲೆ ಒಂದು ಹಾರ ಹಾಕು."

ಎರಡೂ ಕಡೆ ಹೆಸರು ಅಳಿಸಿದೆ. ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಹತ್ತಕ್ಕೆ ಶಾಖೆ ತೆರೆದ ಚಿಂಚೋಳಿಯ ಗುಮಾಸ್ತ ಫೋನ್ ಮಾಡಿದ.

"ಪಿಂಚಣಿ ಮಂದಿ ಕುಂತಾರ್ರಿ. ಒಬ್ಬಾಕಿ ಅಜ್ಜಿ, ನಿಮ್ಮ ಡಬ್ಬಿ ಸತ್ತದೇನೋ ಅಂತ ಕೇಳಾಕತ್ತಾಳ."

"ಅವರನ್ನ ಅಲ್ಲೇ ಕುಂದ್ರಸು. ಹೊಸ ಪತ್ರಕ್ಕ ಕೋರಿಕೆ ಕಳಸು."

ಕೋರಿಕೆ ಮೊದಲ ಸಲ ತಪ್ಪಾಗಿ ಬಂತು. ತಿದ್ದಿಸಿ, ಬ್ಯಾಂಕಿನ ಕೀಲಿಯಿಂದ ಸಹಿ ಮಾಡಿ ಕಳಿಸುವಷ್ಟರಲ್ಲಿ ಹನ್ನೊಂದು ದಾಟಿತ್ತು. ಅಜ್ಜಿಗೆ ಪಿಂಚಣಿ ಸಿಕ್ಕಿತು. ಮಧ್ಯಾಹ್ನ ಸಿಪಾಯಿ ಬಂದು ಬಾಗಿಲಲ್ಲಿ ನಿಂತ. ಚಪ್ಪಲಿಗೆ ಕರಿಮಣ್ಣು ಹತ್ತಿತ್ತು.

ಐದಕ್ಕೆ ಎಲ್ಲ ಶಾಖೆಗಳನ್ನೂ ಪರೀಕ್ಷಿಸಿದೆ. ಸೇಡಂ ಬಂತು. ಚಿತ್ತಾಪುರ, ವಾಡಿ ಬಂದವು. ಚಿಂಚೋಳಿಯೂ ಬಂತು. ಮಾಸ್ತರರ ಸಹಿ ಇನ್ನು ನಡೆಯುವುದಿಲ್ಲವೆಂದು ಖಚಿತ ಮಾಡಿಕೊಳ್ಳುವ ಒಂದು ಕೆಲಸ ಉಳಿದಿತ್ತು. ಕಲಿಯುವಾಗ ಮಾಸ್ತರರು ನನ್ನ ಹೆಸರಿಗೆ ಒಂದು ಪ್ರಮಾಣಪತ್ರ ಮಾಡಿ, ತಾವೇ ಸಹಿ ಹಾಕಿ ಕೊಟ್ಟಿದ್ದರು. ಅದನ್ನು ಸರ್ವರಿಗೆ ತೋರಿಸಿ, ಸವೆದ ಅಂಚಿನ ಮೇಲೆ ಬೆರಳಿಟ್ಟು ಎಂಟರ್ ಒತ್ತಿದೆ.

ಸರ್ವರ್ ಒಪ್ಪಲಿಲ್ಲ. ಕೋಣೆಗೆ ಬೀಗ ಹಾಕಿದೆ.